ಬಾವಿಗೆ ಕೂತವಳು

ನಾನು ಆ ಊರಿಗೆ ಹೋದದ್ದು ಖರ್ಚು ತಗ್ಗಿಸುವುದಕ್ಕೆ. ಎಣ್ಣೆಬಾವಿ ಕೊರೆಯುವ ಕಂಪನಿಯಲ್ಲಿ ನನ್ನ ಕೆಲಸವೇ ಅದು. ಕೊರೆಯುವ ಮೊದಲು ಬಾವಿಗೆ ಎಷ್ಟು ತಗಲಬಹುದೆಂದು ಅಂದಾಜು ಹಾಕಬೇಕು, ಕೊರೆಯುವಾಗ ಅಂದಾಜು ಮೀರದಂತೆ ಕಣ್ಣಿಟ್ಟಿರಬೇಕು, ಮೀರಿದರೆ ಯಾಕೆ ಮೀರಿತೆಂದು ವಿವರಣೆ ಕೊಡಬೇಕು. ಆ ಊರಿನಲ್ಲಿ ಕಂಪನಿ ಆಗಲೇ ಎರಡು ಬಾವಿಗಳಲ್ಲಿ ಕೈ ಸುಟ್ಟುಕೊಂಡಿತ್ತು. "ಮೂರನೆಯದನ್ನು ಅರ್ಧ ಖರ್ಚಿನಲ್ಲಿ ಮುಗಿಸುವ ದಾರಿ ಇದ್ದರೆ ಹೇಳು ವಾರಿಜಾ, ಇಲ್ಲದಿದ್ದರೆ ಯಂತ್ರ ಬಿಚ್ಚಿಸಿಕೊಂಡು ವಾಪಸ್ ಬಾ" ಎಂದು ಮುಖ್ಯ ಕಚೇರಿಯ ಸೇತುಮಾಧವ್ ನನ್ನನ್ನು ಕಳಿಸಿದ್ದರು.

ಬಸ್ಸಿಳಿದ ಕೂಡಲೇ ಕಂಡದ್ದು ಒಂದು ನೀರಿನ ಬಾವಿ. ಅದರ ಕಟ್ಟೆಗೆ ಆನಿಸಿಕೊಂಡು ಒಬ್ಬ ದರ್ಜಿ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಮುಂದಿನ ಬಾವಿಯ ಪಕ್ಕದಲ್ಲಿ ಕ್ಷೌರದಂಗಡಿ, ಅದರ ಮುಂದಿನದರ ಪಕ್ಕ ಚಪ್ಪಲಿ ಹೊಲಿಯುವವನು, ಆಮೇಲಿನದರ ಪಕ್ಕ ಅರ್ಜಿ ಬರೆದುಕೊಡುವ ಮುದುಕ. ಆ ಊರಿನ ನೆಲ ತೂತನ್ನು ಸಹಿಸುವುದಿಲ್ಲ. ಗುಂಡಿ ತೋಡಿ ಅತ್ತ ಹೋದರೆ ಅಂಚಿನಿಂದ ಗಾಯದ ಹಾಗೆ ಕೂಡಿಕೊಳ್ಳುತ್ತ ಬಂದು, ಕೊನೆಗೆ ಎಲ್ಲಿ ತೋಡಿದ್ದೆಂಬ ಗುರುತೂ ಉಳಿಯುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಮಾತ್ರ ತೆರೆದೇ ಇರುತ್ತದೆ. ಹಾಗಾಗಿ ಕೂತು ಮಾಡುವ ಕಸುಬಿನವರೆಲ್ಲ ಬಾವಿಗಳ ಪಕ್ಕ ಅಂಗಡಿ ಹೂಡಿದ್ದರು. ಮನೆಗಳು ಅಡಿಪಾಯವಿಲ್ಲದೆ ದೊಡ್ಡ ಚಪ್ಪಡಿಗಳ ಮೇಲೆ ನಿಂತಿದ್ದವು, ಕರೆಂಟಿನ ಕಂಬಗಳಿಗೆ ಮೂರು ಮೂರು ಕಾಲು. ಹೆಣ್ಣು ನೋಡಲು ಬಂದವರು ಮೊದಲು ಕೇಳುತ್ತಿದ್ದುದು ಮನೆಯಲ್ಲಿ ಬಾವಿಗೆ ಕೂರುವವರು ಎಷ್ಟು ಜನ ಎಂದು. ಮಕ್ಕಳು ಗೋಲಿಯಾಟಕ್ಕೆ ತೋಡಿದ ಗುಳಿಗೂ ಒಬ್ಬ ಹುಡುಗ ಕಾವಲು ಕೂರಬೇಕಿತ್ತು. ಅವನಿಗೆ ಆಟವಿಲ್ಲ, ಅವನ ಮುಖ ನೋಡಲಾಗುತ್ತಿರಲಿಲ್ಲ.

ನನಗೆ ಕೂತಲ್ಲಿ ತಲೆ ಓಡುವುದಿಲ್ಲ. ನಡೆಯುತ್ತ ಲೆಕ್ಕ ಹಾಕುವುದು ಮೊದಲಿನಿಂದ ಬಂದ ಚಟ. ಆ ಊರಿನ ಬೀದಿಗಳಲ್ಲಿ ಬೆಳಿಗ್ಗೆಯಿಂದ ತಿರುಗುತ್ತಿದ್ದ ನನ್ನನ್ನು ಕೂತವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು. ಒಂದು ವಾರದೊಳಗೆ ನನಗೆ 'ಅಂದಾಜಕ್ಕ' ಎಂದು ಹೆಸರು ಬಿತ್ತು.

ಕೊರೆತದ ಉಸ್ತುವಾರಿ ರೇಗೊ ಅವರದು. ಕರಾವಳಿಯವರು, ಐವತ್ತು ದಾಟಿದವರು, ಯಾವ ಸದ್ದು ಕೇಳಿದರೂ ಅದು ಯಂತ್ರದ್ದೇ ಎಂದು ಬೆಚ್ಚುವವರು. ಊರಾಚೆಯ ಬಯಲಿನಲ್ಲಿ ಕಬ್ಬಿಣದ ಗೋಪುರದ ಕೆಳಗೆ ನನ್ನನ್ನು ನಿಲ್ಲಿಸಿ ಅವರು ಎರಡನೆಯ ಬಾವಿಯಿಂದ ಹೊರಗೆಳೆದ ಒಂದು ಪೈಪಿನ ತುಂಡು ತೋರಿಸಿದರು. ಅದು ನಡುವೆ ಚಪ್ಪಟೆಯಾಗಿ ತಿರುಚಿಕೊಂಡಿತ್ತು.

"ನೋಡಿ ಮಾರಾಯ್ರೆ," ಎಂದರು. "ಕಬ್ಬು ಅಗಿದ ಹಾಗೆ ಅಗಿದಿದೆ. ಒಂದು ಪೈಪು ಇಳಿಸಿದೆ, ಒತ್ತಿತು. ಅದರೊಳಗೆ ಇನ್ನೊಂದು ಇಳಿಸಿದೆ, ಅದನ್ನೂ ಒತ್ತಿತು. ಒಳಗೊಳಗೆ ಇಳಿಸುತ್ತಾ ಹೋದ ಹಾಗೆ ತೂತು ಸಣ್ಣ ಆಯ್ತು. ಕಡೆಗೆ ನನ್ನ ಕೈ ಹೋಗುವಷ್ಟೂ ಜಾಗ ಇಲ್ಲ. ಎಣ್ಣೆ ಇನ್ನೂ ಸಾವಿರ ಮೀಟರ್ ಕೆಳಗೆ."

ಎಣ್ಣೆಬಾವಿಯ ಖರ್ಚಿನಲ್ಲಿ ದೊಡ್ಡ ಪಾಲು ಎರಡು. ಒಂದು ಯಂತ್ರದ ದಿನಬಾಡಿಗೆ; ಅದು ಕೊರೆದರೂ ಓಡುತ್ತದೆ, ಸುಮ್ಮನೆ ನಿಂತರೂ ಓಡುತ್ತದೆ. ಇನ್ನೊಂದು ತೂತು ಕುಸಿಯದಂತೆ ಇಳಿಸುವ ಉಕ್ಕು. ಪೈಪಿನೊಳಗೆ ಪೈಪು ಇಳಿಸಬೇಕಾದರೆ ಮೇಲೆ ತೂತು ದೊಡ್ಡದಿರಬೇಕು, ದೊಡ್ಡ ತೂತಿಗೆ ದಿನ ಹೆಚ್ಚು, ದಿನ ಹೆಚ್ಚಾದರೆ ಬಾಡಿಗೆ ಹೆಚ್ಚು. ಉಕ್ಕು ಕಡಿಮೆ ಮಾಡಿದರೆ ಎಲ್ಲವೂ ಕಡಿಮೆಯಾಗುತ್ತದೆ. ಇಷ್ಟು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೆ ಉಕ್ಕಿಲ್ಲದೆ ಆ ನೆಲವನ್ನು ತಡೆದು ನಿಲ್ಲಿಸುವುದು ಯಾವುದು ಎಂದು ಯೋಚಿಸುತ್ತ ತಿರುಗುತ್ತಿದ್ದವಳು ಬಸ್ ನಿಲ್ದಾಣದ ದರ್ಜಿ ಮಕ್ತುಂಸಾಬನ ಮುಂದೆ ನಿಂತುಬಿಟ್ಟೆ.

"ನಮ್ಮ ಬಾವಿಗೆ ಯಾರಾದರೂ ಕೂತರೆ?" ಎಂದು ಕೇಳಿದೆ.

ಅವನು ಯಂತ್ರ ನಿಲ್ಲಿಸಿದ. "ಎಷ್ಟ ಆಳರೀ ನಿಮ್ಮ ಬಾವಿ?"

"ಎರಡೂವರೆ ಸಾವಿರ ಮೀಟರ್."

"ಕುಂಡ್ರೂದು ಏನ ದೊಡ್ಡದಲ್ಲರೀ ಅಕ್ಕಾರ. ಏಳೂದ ದೊಡ್ಡದು." ಅವನು ಹಲ್ಲಿನಿಂದ ದಾರ ಕಡಿದ. "ಬದಲಿ ಕೂಡೂ ಮಂದೀನ್ನ ನೆಲ ಗುರುತ ಹಿಡೀಬೇಕು. ಈ ಬಾವಿಯಿಂದ ನಾ ಎದ್ದು ನನ್ನ ತಮ್ಮ ಕೂಡಬೇಕಂದ್ರ, ಇಬ್ರೂ ಜೋಡಿ ಕುಂತು ಒಂದ ಕಪ್ಪು ಚಾ ಕುಡದ್ರ ಸಾಕು. ಗೌಡರ ಬಾವಿ ಆಳ ಐತಿ, ಅದಕ್ಕ ಅರ್ಧಾ ದಿನ ಬೇಕು. ತೋಡಾಕ ಎಷ್ಟ ಹೊತ್ತು ಹಿಡೀತೋ ಬದಲಿ ಆಗಾಕೂ ಹೆಚ್ಚೂಕಡಿಮಿ ಅಷ್ಟ ಹೊತ್ತು. ನಿಮ್ಮದಕ್ಕ ತಿಂಗಳಗಟ್ಟಲೆ ಆದೀತು. ಅಲ್ಲೀತನಕ ಮೊದಲ ಕುಂತವ್ರು ಏಳಾಕ ಬರಂಗಿಲ್ಲ. ಎದ್ರ ಮುಚ್ಚಿತು."

ನಾನು ಅಂದಾಜು ಬರೆದೆ. ಒಂದೇ ಒಂದು ಹಗುರ ಪೈಪು, ಸಣ್ಣ ತೂತು, ಮತ್ತು ಮೊದಲ ದಿನದಿಂದ ಜೋಡಿಯಾಗಿ ಕೂರುವ ಇಬ್ಬರು. ಎಣ್ಣೆ ಹತ್ತಿದ ಮೇಲೆ ಅದರ ಒತ್ತಡವೇ ತೂತನ್ನು ತೆರೆದಿಡುತ್ತದೆಂದು ನನ್ನ ಲೆಕ್ಕ, ಅಲ್ಲಿಯತನಕ ಕೂತರೆ ಸಾಕು. ಇಬ್ಬರೂ ಮೊದಲಿನಿಂದ ಕೂತಿದ್ದರೆ ಯಾರು ಯಾವಾಗ ಬೇಕಾದರೂ ಎದ್ದು ಹೋಗಿ ಬರಬಹುದಿತ್ತು. ಸೇತುಮಾಧವ್ ಫೋನಿನಲ್ಲಿ ಬಹಳ ಹೊತ್ತು ನಕ್ಕರು. ಆಮೇಲೆ, ಸೋತರೆ ಹೋಗುವುದು ಒಂದು ಪೈಪು ತಾನೆ ಎಂದು ಒಪ್ಪಿದರು. ಒಪ್ಪುವಾಗ ಎರಡನೆಯವರನ್ನು ಹೊಡೆದುಹಾಕಿದರು. "ಒಬ್ಬರು ಸಾಲುವಲ್ಲಿ ಇಬ್ಬರು ಯಾಕೆ? ಖರ್ಚು ತಗ್ಗಿಸು ಅಂದರೆ ಸಂಬಳ ಹೆಚ್ಚಿಸುತ್ತೀಯಲ್ಲ."

ಊರಿನಲ್ಲಿ ಯಾರೂ ಬರಲಿಲ್ಲ. ಒಬ್ಬಂಟಿಯಾಗಿ, ಬದಲಿಯಿಲ್ಲದೆ, ಅಷ್ಟು ಆಳಕ್ಕೆ ಕೂರುವುದೆಂದರೆ ಸಂಬಳ ಕೇಳಿದ ಮೇಲೂ ಕೈ ಮುಗಿಯುತ್ತಿದ್ದರು. ಕೊನೆಗೆ ಬಂದವಳು ಫಕೀರವ್ವ. ಐವತ್ತರ ಆಸುಪಾಸು, ಎತ್ತರದ ಹೆಂಗಸು, ಕಂಕುಳಲ್ಲಿ ಕೌದಿ ಹೊಲಿಯುವ ಹಳೆ ಸೀರೆಗಳ ಗಂಟು. ತಂಗಿ ಕಾಶವ್ವನ ಮನೆಯ ಬಾವಿಗೆ ಮದುವೆಯೂ ಆಗದೆ ವರ್ಷಗಟ್ಟಲೆ ಕೂತಿದ್ದಳು. ಓಣಿಗೆ ನಲ್ಲಿ ನೀರು ಬಂದಮೇಲೆ ಆ ಬಾವಿ ಬೇಡವಾಯಿತು. ಒಂದು ಸಂಜೆ ಕಾಶವ್ವ "ಏಳಕ್ಕಾ, ಸಾಕಿನ್ನ" ಎಂದಳಂತೆ. ಇವಳು ಎದ್ದಳು, ಬಾವಿ ಮುಚ್ಚಿಕೊಂಡಿತು, ಅದರ ಮೇಲೆ ಈಗ ಸ್ಕೂಟರ್ ನಿಲ್ಲಿಸುತ್ತಾರೆ.

"ಮನ್ಯಾಗ ಸುಮ್ಮ ಕುಂತರ ಮೈ ಕಡೀತೈತ್ರಿ," ಎಂದಳು. "ಬಾವಿಗೆ ಕುಂತರ ಕೆಲಸಾ ಅಂತಾದ್ರೂ ಅನಸತೈತಿ."

"ಬದಲಿ ಇಲ್ಲ, ಗೊತ್ತಲ್ಲ? ಮುಗಿಯುವ ತನಕ ಏಳುವ ಹಾಗಿಲ್ಲ."

"ನನಗ ಬದಲಿ ಯಾವಾಗ ಇತ್ತರೀ?"

ಕೊರೆಯುವ ಹಲ್ಲು ನೆಲ ಮುಟ್ಟುವ ಮೊದಲೇ ಅವಳು ಬಂದು ಕೂತಳು. ಕೂರುವುದೆಂದರೆ ಕಲ್ಲಾಗಿ ಕೂರುವುದಲ್ಲ. ಬಾವಿಯ ಬಾಯಿಂದ ಹತ್ತು ಮಾರಿನೊಳಗೆ ಇರಬೇಕು, ಅಷ್ಟೆ; ಪಾಳಿಯಂತೆ ಬಂದು ಹೋಗುವ ಆಳುಗಳನ್ನು ನೆಲ ಗುರುತು ಹಿಡಿಯುವುದಿಲ್ಲ. ಅಷ್ಟರೊಳಗೆ ರೇಗೊ ಅವಳಿಗೊಂದು ತಗಡಿನ ಕೋಣೆ, ಬಚ್ಚಲು, ಮುಂದೆ ಚಪ್ಪರ ಹಾಕಿಸಿಕೊಟ್ಟರು.

ಕೆಲಸ ನಾವು ಕನಸಿನಲ್ಲೂ ಎಣಿಸದ ಹಾಗೆ ಸಾಗಿತು. ತೂತು ಬಂಡೆಯಲ್ಲಿ ಕಡೆದಿಟ್ಟಂತೆ ನಿಂತಿತು. ರೇಗೊ ಪ್ರತಿ ಬೆಳಿಗ್ಗೆ ಆಳ ಹೇಳುವಾಗ ದನಿಯಲ್ಲಿ ಭಯ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತ ಬಂತು. ಮೊದಲಿನ ಎರಡು ಬಾವಿಗಳು ಸತ್ತ ಆಳವನ್ನು ದಾಟಿದ ದಿನ ಆಳುಗಳಿಗೆಲ್ಲ ಜಿಲೇಬಿ ಹಂಚಿದೆವು. ಸೇತುಮಾಧವ್ ಫೋನು ಮಾಡಿ, ಇದೇ ಪದ್ಧತಿಯಲ್ಲಿ ಅಲ್ಲಿ ಇನ್ನೂ ಹನ್ನೆರಡು ಬಾವಿಗಳಿಗೆ ಅಂದಾಜು ಹಾಕು ಎಂದರು. ಊರಿನ ಎಷ್ಟೋ ಮಂದಿಗೆ ನಮ್ಮಲ್ಲಿ ಕೆಲಸ ಸಿಕ್ಕಿತ್ತು, ಹನ್ನೆರಡು ಬಾವಿಗಳ ಸುದ್ದಿ ಕೇಳಿ ಜನ ನನ್ನನ್ನು ನಿಲ್ಲಿಸಿ ಚಹಾ ಕುಡಿಸುತ್ತಿದ್ದರು.

ಸಂಜೆ ನಾನು ಫಕೀರವ್ವನ ಚಪ್ಪರಕ್ಕೆ ಹೋಗುತ್ತಿದ್ದೆ. ಅವಳು ಕೌದಿ ಹೊಲಿಯುತ್ತ ಮಾತಾಡುತ್ತಿದ್ದಳು. ನಾನು ಅವಳ ಸುತ್ತ ಹೆಜ್ಜೆ ಹಾಕುತ್ತ ಕೇಳುತ್ತಿದ್ದೆ. "ಒಂದ ಕಡೆ ನಿಂದರ್ರಿ, ನನಗ ತೆಲಿ ತಿರಗತೈತಿ" ಎಂದು ಬೈಯುತ್ತಿದ್ದಳು. ಆಳುಗಳಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು, ಅಡುಗೆಯವನು ಎಣ್ಣೆ ಎಲ್ಲಿ ಬಚ್ಚಿಡುತ್ತಾನೆ, ಎಲ್ಲ ಅವಳಿಗೆ ಗೊತ್ತಿತ್ತು.

ನಾಲ್ಕನೆಯ ತಿಂಗಳು ಮುಗಿಯುತ್ತ ಬಂದಿತ್ತು, ಎಣ್ಣೆಯ ಪದರಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಒಂದು ಬೆಳಿಗ್ಗೆ ಅವಳು ಹೇಳಿಕಳಿಸಿದಳು. ಹೋದಾಗ ಅವಳು ಕೂತಿರಲಿಲ್ಲ. ಚಪ್ಪರದ ಕಂಬ ಹಿಡಿದು ನಿಂತು ರಸ್ತೆಯ ಕಡೆ ನೋಡುತ್ತಿದ್ದಳು. ಕೌದಿ ಮಣ್ಣಿನಲ್ಲಿ ಬಿದ್ದಿತ್ತು.

"ಅಂದಾಜಕ್ಕಾ, ನಾ ಏಳತೇನಿ," ಎಂದಳು.

"ಏನಾಯಿತು?"

"ಏನೂ ಆಗಿಲ್ಲ. ಏಳಬೇಕು ಅನಸಾಕತ್ತೈತಿ. ವಾರಾತು. ಮೊದಲ ಕಾಲಿಗೆ ಅನಸ್ತಿತ್ತು, ಈಗ ಎದಿಗೂ ಬಂದೈತಿ. ಸೂಜ್ಯಾಗ ದಾರಾ ಪೋಣಿಸಾಕ ಆಗವಲ್ತು. ಹೇಳದ ಕೇಳದ ಎದ್ದು ಹೋಗಾಕಿ ನಾ ಅಲ್ಲ. ಅದಕ್ಕ ಹೇಳಾಕತ್ತೇನಿ. ಆದ್ರ ಲಗೂನ ಏನರೆ ಮಾಡ್ರಿ."

ರೇಗೊ ಓಡಿ ಬಂದರು. ಅವರಿಗೆ ಅದು ಅರ್ಥವೇ ಆಗಲಿಲ್ಲ. "ಮೈಗೆ ಹುಷಾರಿಲ್ಲವಾ? ಡಾಕ್ಟರನ್ನು ಕರೆಸುತ್ತೇನೆ. ಮನೆಯಲ್ಲಿ ಯಾರಾದರೂ ತೀರಿಹೋದರಾ? ಹೇಳಿ, ಹೆಡ್ಡಾಫೀಸಿಗೆ ಹಾಗೇ ಹೇಳುವ."

"ಯಾರೂ ಸತ್ತಿಲ್ಲ ತಮ್ಮಾ."

"ಯಾರಾದರೂ ಏನಾದರೂ ಅಂದರಾ?"

"ಇಲ್ಲ."

"ಮತ್ತೆ ಕಾರಣ ಏನು ಹೇಳಿ!"

"ಕಾರಣ ಇಲ್ಲ," ಎಂದಳು ಫಕೀರವ್ವ. ಅವಳಿಗೇ ಅದು ನಾಚಿಕೆಯಾದಂತಿತ್ತು. "ಇದ್ದಿದ್ರ ಹೇಳ್ತಿದ್ದಿಲ್ಲೇನು?"

ಹೊಸಬರನ್ನು ಜೊತೆಗೆ ಕೂರಿಸಿದರೆ ಇನ್ನೂ ನಾಲ್ಕು ತಿಂಗಳು ಬೇಕು. ಅವಳ ಮುಖ ನೋಡಿದರೆ ನಾಲ್ಕು ದಿನವೂ ಅನುಮಾನ. ಅವಳು ಎದ್ದರೆ ತೂತು ಮುಚ್ಚುತ್ತದೆ. ಒಳಗೆ ಹಲ್ಲು ಸಿಕ್ಕಿಸಿದ ಕೊರೆಯುವ ಪೈಪುಗಳ ಉದ್ದ ಸರಪಳಿ ಇರುವಾಗ ಮುಚ್ಚಿದರೆ ನೆಲ ಅದನ್ನು ಹಿಡಿದು ಎಳೆಯುತ್ತದೆ, ಗೋಪುರದ ಮೇಲೆ ಮನುಷ್ಯರಿರುತ್ತಾರೆ. ರೇಗೊ ಹೆದರುತ್ತಿದ್ದುದು ಅದಕ್ಕೆ. ಸಂಬಳ ದುಪ್ಪಟ್ಟು ಎಂದರು, ಟಿವಿ ತರಿಸುತ್ತೇನೆಂದರು. ಫಕೀರವ್ವ ಎಲ್ಲದಕ್ಕೂ ತಲೆಯಾಡಿಸುತ್ತ ರಸ್ತೆಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಕಾಶವ್ವ ಬಂದು ಚಪ್ಪರದ ಮುಂದೆ ನಿಂತು ಅಕ್ಕನಿಗೆ ಬಾಯಿಗೆ ಬಂದಂತೆ ಬೈದಳು. "ನನ್ನ ಗಂಡ ಇಲ್ಲೇ ದುಡ್ಯಾಕತ್ತಾನ, ಅವನ ಹೊಟ್ಟಿ ಮ್ಯಾಲ ಹೊಡಿತೀಯೇನ? ನಮ್ಮ ಊರಾಗ ಯಾರರೆ ಹಿಂಗ ನಡುವ ಎದ್ದಾರೇನ? ಯಾವತ್ತರೆ ಕೇಳೀಯೇನ?"

"ಇಲ್ಲ," ಎಂದಳು ಫಕೀರವ್ವ.

"ಮತ್ತ ನಿನಗ ಏನಾಗೈತಿ?"

"ಕಾಶೀ, ನೀ ಒಂದು ವಾರ ಬಾಯಿ ಮುಚ್ಚಿಕೊಂಡು ಕೂಡು ನೋಡೂಣು. ಆಮ್ಯಾಲ ಕೇಳು."

ಕಾಶವ್ವ ಅಳುತ್ತ ಹೋದಳು. ಮಕ್ತುಂಸಾಬ ತನ್ನ ಬಾವಿಗೆ ತಮ್ಮನನ್ನು ಕೂರಿಸಿ ಬಂದಿದ್ದ, ದೂರದಿಂದ ನೋಡಿ ಹೋದ.

ಆ ಸಂಜೆ ಸೇತುಮಾಧವ್ ನನ್ನ ಜೊತೆ ಬಹಳ ಮೃದುವಾಗಿ ಮಾತಾಡಿದರು. ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಇನ್ನು ಹತ್ತು ಹನ್ನೆರಡು ದಿನದ ಕೆಲಸ ವಾರಿಜಾ. ಆಕೆಗೆ ಸ್ವಲ್ಪ ನರದೌರ್ಬಲ್ಯ ಇರಬಹುದು. ನಮ್ಮ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರೆ ಮಲಗಿರುತ್ತಾರೆ. ನಿದ್ದೆಯಲ್ಲಿದ್ದರೂ ಅಲ್ಲಿದ್ದ ಹಾಗೇ ಅಲ್ಲವೇ? ಎರಡೂ ರೀತಿಯ ಅಂದಾಜು ಕಳಿಸು, ಬೆಳಿಗ್ಗೆ ನೋಡೋಣ."

ನಾನು ಶಿಬಿರದ ಸುತ್ತ ನಡೆಯುತ್ತ ಅಂದಾಜು ಹಾಕಿದೆ, ಅದು ನನ್ನ ಕೆಲಸ. ಅವಳು ಏಳುವುದಾದರೆ: ಕೊರೆಯುವ ಪೈಪು ಹೊರತೆಗೆಯಲು ಒಂದು ದಿನದ ಬಾಡಿಗೆ, ಇಳಿಸಿದ ಹಗುರ ಪೈಪು ನಷ್ಟ, ಕೊರೆದ ನಾಲ್ಕು ತಿಂಗಳೂ ನಷ್ಟ. ಅವಳನ್ನು ಮಲಗಿಸುವುದಾದರೆ: ಡಾಕ್ಟರು ಹೇಗೂ ಸಂಬಳದ ಮೇಲಿದ್ದಾರೆ, ಸಿರಿಂಜು, ಹತ್ತಿ, ಔಷಧಿ. ಇಷ್ಟು ವರ್ಷ ಅಂದಾಜು ಹಾಕಿದ್ದೇನೆ, ಅಷ್ಟು ಅಗ್ಗದ ಬಾಬತ್ತು ನನ್ನ ಕೈಯಿಂದ ಹಾದುಹೋಗಿರಲಿಲ್ಲ. ಎಲ್ಲಿ ಖರ್ಚು ಕಡಿಮೆಯಾದರೂ ನನಗೆ ಒಳಗೊಳಗೇ ಒಂದು ಖುಷಿಯಾಗುತ್ತದೆ. ಅವತ್ತು ಆ ಖುಷಿ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ನಾನು ರೇಗೊ ಅವರನ್ನು ಹುಡುಕಿಕೊಂಡು ಹೋದೆ.

"ಬೆಳಕು ಹರಿದ ಕೂಡಲೇ ಪೈಪು ಎಳೆಯಲು ಶುರು ಮಾಡಿ," ಎಂದೆ.

"ಆರ್ಡರ್ ಬಂತಾ?"

"ಇಲ್ಲ. ಅವರು ಇಂಜೆಕ್ಷನ್ ಕೊಡಿ ಅನ್ನುತ್ತಿದ್ದಾರೆ."

ರೇಗೊ ಊಟದ ತಟ್ಟೆ ಕೆಳಗಿಟ್ಟರು. "ಕೊಟ್ಟರೆ?"

"ಹನ್ನೆರಡು ದಿನ ಕೊಡಬೇಕು. ನಡುವೆ ಒಮ್ಮೆ ಎಚ್ಚರವಾಗಿ ಓಡಿದರೆ ನಿಮ್ಮ ಹುಡುಗರು ಗೋಪುರದ ಮೇಲಿರುತ್ತಾರೆ. ಎಚ್ಚರ ಆಗಲೇ ಇಲ್ಲ ಎಂದಿಟ್ಟುಕೊಳ್ಳಿ. ಆಗ?"

"ನನಗೆ ಇನ್ನು ಮೂರು ವರ್ಷ ಸರ್ವೀಸು ಉಂಟು ಮಾರಾಯ್ತಿ," ಎಂದರು ರೇಗೊ. ಆಮೇಲೆ, "ಹಲ್ಲು ಸವೆದಿದೆ, ಬದಲಾಯಿಸಲಿಕ್ಕೆ ಎಳೆದೆ ಅಂತ ಹೇಳುತ್ತೇನೆ. ಅದಕ್ಕೆ ಯಾರ ಆರ್ಡರೂ ಬೇಡ. ಆದರೆ ಎಳೆದು ಮುಗಿಯುವ ತನಕ ಫಕೀರವ್ವ ಕೂರಬೇಕು. ಸಂಜೆಯಾಗುತ್ತದೆ. ಅದು ನಿಮ್ಮ ಜವಾಬ್ದಾರಿ."

ಬೆಳಿಗ್ಗೆ ಎಳೆಯಲು ಶುರುವಾಯಿತು. ಪೈಪು ಮೇಲೆ ಬರಬೇಕು, ತಿರುಪು ಬಿಚ್ಚಬೇಕು, ಬಿಚ್ಚಿದ್ದನ್ನು ಗೋಪುರದೊಳಗೆ ಒತ್ತಾಗಿ ನಿಲ್ಲಿಸಬೇಕು, ಮತ್ತೆ ಮುಂದಿನದು. ಅವಸರ ಮಾಡಿದರೆ ಕೈ ಹೋಗುತ್ತದೆ. ನಾನು ಫಕೀರವ್ವನ ಪಕ್ಕ ಚಾಪೆಯ ಮೇಲೆ ಕೂತೆ. ಅವಳ ಮೊಣಕಾಲು ನಿಲ್ಲದೆ ಕುಣಿಯುತ್ತಿತ್ತು. ಅದನ್ನು ನೋಡುತ್ತ ನನ್ನದೂ ಕುಣಿಯತೊಡಗಿತು.

"ಏನರೆ ಮಾತಾಡ್ರಿ," ಎಂದಳು.

ನಾನು ಕೆಲಸ ಮಾಡಿದ ಊರುಗಳ ಹೆಸರು ಹೇಳುತ್ತ ಹೋದೆ. ಪ್ರತಿ ಊರಿಗೂ ಅವಳದು ಒಂದೇ ಪ್ರಶ್ನೆ: ಅಲ್ಲಿಯ ನೆಲ ಹೇಗೆ? ಗುಂಡಿ ತೋಡಿದರೆ ಗುಂಡಿಯಾಗಿಯೇ ಇರುತ್ತದೆ ಎಂದೆ.

"ಯಾರೂ ಕೂಡೂದಿಲ್ಲ?"

"ಯಾರೂ ಇಲ್ಲ."

"ಹಂಗಾರ ಮಂದಿ ದಿನಾ ಏನ ಮಾಡ್ತಾರ?"

"ಓಡಾಡುತ್ತಾರೆ," ಎಂದೆ. ಅವಳು ಅದನ್ನು ಯೋಚಿಸಿದಳು.

ಮಧ್ಯಾಹ್ನ ಬಿಸಿಲೇರಿದಾಗ ಮೇಲೆ ಯಾವುದೋ ಹಿಡಿಕೆ ಕೈಕೊಟ್ಟು ಕೆಲಸ ನಿಂತಿತು. ಅಲ್ಲಿಯತನಕ ಪೈಪಿನ ಸದ್ದಿಗೆ ತಾಳಿಕೊಂಡಿದ್ದವಳು ಸದ್ದು ನಿಂತ ಕೂಡಲೇ ಎದ್ದಳು. ಎದ್ದದ್ದು ಅವಳಿಗೇ ಗೊತ್ತಾಗಿರಲಿಕ್ಕಿಲ್ಲ. ನಾನು ಹೆಸರು ಕೂಗುವಷ್ಟರಲ್ಲಿ ಚಪ್ಪರ ದಾಟಿದ್ದಳು, ಹತ್ತು ಮಾರಿನಾಚೆಯ ಬೇಲಿಯ ಹತ್ತಿರ ಹೋಗಿದ್ದಳು. ಕಾಲ ಕೆಳಗೆ ನೆಲ ಗೊಣಗಿತು. ಗೋಪುರದಲ್ಲಿ ನೇತುಬಿಟ್ಟಿದ್ದ ಕೊಕ್ಕೆ ತಟ್ಟನೆ ಬಿಗಿಯಿತು, ಹಗ್ಗಗಳು ಕಿರುಗುಟ್ಟಿದವು, ಮೇಲೆ ನಿಂತಿದ್ದ ಹುಡುಗನೊಬ್ಬ "ಅಯ್ಯಯ್ಯೋ" ಎಂದು ಕಂಬ ತಬ್ಬಿಕೊಂಡ.

ಫಕೀರವ್ವ ತಿರುಗಿ ಮೇಲೆ ನೋಡಿದಳು. ಅವನನ್ನು ನೋಡಿದಳು. ಒಂದು ಕ್ಷಣ ಅವಳು ಯಾವ ಕಡೆ ಹೋಗುತ್ತಾಳೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಆಮೇಲೆ ಓಡಿ ಬಂದು ಚಾಪೆಯ ಮೇಲೆ ಕುಸಿದಳು. ಕೊಕ್ಕೆ ಸಡಿಲಾಯಿತು. ರೇಗೊ ಮೇಲಿನಿಂದಲೇ ಕೈಯೆತ್ತಿ ಎಲ್ಲ ಸರಿ ಎಂದು ತೋರಿಸಿದರು.

"ಕಟ್ರಿ ನನ್ನ," ಎಂದಳು ಅವಳು. "ಆ ಕಂಬಕ್ಕ ಕಟ್ರಿ."

"ಕಟ್ಟುವುದಿಲ್ಲ."

"ಅಕ್ಕಾ, ಮ್ಯಾಲಿನ ಹುಡುಗ ಸಾಯತಾನ. ಸೆರಗರೆ ಕಟ್ರಿ."

ಸೆರಗಿನ ತುದಿಯನ್ನು ಚಪ್ಪರದ ಕಂಬಕ್ಕೆ ಕಟ್ಟಿದೆ. ಎಳೆದರೆ ಬಿಚ್ಚಿಕೊಳ್ಳುವ ಗಂಟೇ ಹಾಕಿದೆ. ಅವಳೂ ನೋಡಿದಳು. ಮತ್ತೆ ಪೈಪಿನ ಸದ್ದು ಶುರುವಾಯಿತು. ಅವಳು ಕಣ್ಣು ಮುಚ್ಚಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಅವಳ ಕೌದಿಯನ್ನು ಎತ್ತಿಕೊಂಡು ಅಡ್ಡಾದಿಡ್ಡಿ ಹೊಲಿಗೆ ಹಾಕುತ್ತ ಕೂತೆ. ಏಳಬೇಕೆನ್ನುವುದು ಮೈಯಲ್ಲಿ ಹೇಗೆ ಹತ್ತಿ ಇಳಿಯುತ್ತದೆಂದು ಆ ದಿನ ನನಗೆ ಒಂದೊಂದು ಬೆರಳಿನಲ್ಲೂ ಗೊತ್ತಾಯಿತು.

ಬಿಸಿಲು ಕೆಂಪಾಗುವ ಹೊತ್ತಿಗೆ ಕೊನೆಯ ಪೈಪು ಬಂತು, ಅದರ ತುದಿಯಲ್ಲಿ ಕೆಸರು ಮೆತ್ತಿದ ಹಲ್ಲು. ಆಳುಗಳನ್ನೆಲ್ಲ ಕೆಳಗಿಳಿಸಿ ದೂರ ನಿಲ್ಲಿಸಿ, ರೇಗೊ ಚಪ್ಪರದ ಮುಂದೆ ಬಂದು ತಲೆಯ ಮೇಲಿನ ಟೋಪಿ ತೆಗೆದರು.

"ಆಯ್ತಮ್ಮ," ಎಂದರು. "ಏಳಿ."

ಗಂಟು ತಾನೇ ಬಿಚ್ಚಿತು. ಅವಳು ಯಾರನ್ನೂ ನೋಡಲಿಲ್ಲ. ಬೇಲಿ ದಾಟಿ ರಸ್ತೆ ಹಿಡಿದಳು, ಊರಿನ ಕಡೆಗಲ್ಲ, ಇನ್ನೊಂದು ಕಡೆಗೆ. ಅವಳ ಹಿಂದೆ ಬಾವಿ ಮುಚ್ಚಿಕೊಂಡಿತು. ದೊಡ್ಡ ಸದ್ದೇನೂ ಆಗಲಿಲ್ಲ; ಬಹಳ ದೂರದಲ್ಲಿ ಯಾರೋ ಗೋಣಿಚೀಲ ಎಳೆದಂತೆ, ಅಷ್ಟೆ. ನಾಲ್ಕು ತಿಂಗಳ ಕೆಲಸ. ರೇಗೊ ಆ ಸಮ ನೆಲದ ಮೇಲೆ ಹೋಗಿ ನಿಂತು ಬೂಟಿನಿಂದ ಒಮ್ಮೆ ತಟ್ಟಿ ನೋಡಿದರು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಸೇತುಮಾಧವ್ ಬಂದರು, ವಿಚಾರಣೆ ನಡೆಯಿತು. ಸವೆಯದ ಹಲ್ಲನ್ನು ಸವೆದಿದೆ ಎಂದು ಹೇಳಲು ರೇಗೊ ಅವರಿಗೆ ಕೊನೆಗೂ ಬಾಯಿ ಬರಲಿಲ್ಲ. ಅವರನ್ನು ಮೂರು ವರ್ಷ ಮೊದಲೇ ಮನೆಗೆ ಕಳಿಸಿದರು. ನನ್ನನ್ನು ಕಾಗದ ಪೆನ್ನು ಕೊಳ್ಳುವ ವಿಭಾಗಕ್ಕೆ ಹಾಕಿದರು, ಅಲ್ಲಿ ಕುರ್ಚಿ ಬಿಟ್ಟು ಏಳುವ ಕೆಲಸವೇ ಇರಲಿಲ್ಲ. ಸ್ವಲ್ಪ ಕಾಲದ ಮೇಲೆ ಬಿಟ್ಟೆ. ಈಗ ಸೇತುವೆ ಕಟ್ಟುವವರಿಗೆ ಅಂದಾಜು ಹಾಕಿಕೊಡುತ್ತೇನೆ. ಆ ಊರಿಗೆ ಯಾವ ಕಂಪನಿಯೂ ಮತ್ತೆ ಹೋಗಲಿಲ್ಲ. ಕೆಲಸ ಹೋದವರು ಫಕೀರವ್ವನನ್ನು ಬಹಳ ದಿನ ಬೈದರಂತೆ. ಆದರೂ ಅಲ್ಲಿಯ ನೀರಿನ ಬಾವಿಗಳಿಗೆ ಈಗ ಒಬ್ಬರನ್ನೇ ಕೂರಿಸುವುದಿಲ್ಲವೆಂದು ಮಕ್ತುಂಸಾಬ ಒಮ್ಮೆ ಫೋನಿನಲ್ಲಿ ಹೇಳಿದ.

ಬಾವಿ ಮುಚ್ಚಿದ ಆ ಸಂಜೆ ನಾನು ಫಕೀರವ್ವನ ಹಿಂದೆ ಹೋದೆ. ಜೀಪು ತರಬಹುದಿತ್ತು, ತರಲಿಲ್ಲ. ಅವಳ ನಡಿಗೆ ಎಷ್ಟು ಬಿರುಸಾಗಿತ್ತೆಂದರೆ ಜೀವನವಿಡೀ ನಡೆದ ನನಗೂ ಏದುಸಿರು ಬಂತು. ಊರಿನ ಗಡಿಯ ಹಳ್ಳದ ಸೇತುವೆ ದಾಟಿದ ಮೇಲೆ ಸ್ವಲ್ಪ ನಿಧಾನವಾದಳು. ನಾನು ಪಕ್ಕ ಬಂದದ್ದನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಬ್ಬರೂ ನಡೆದೆವು. ಎರಡೂ ಕಡೆ ಜೋಳದ ಕೂಳೆ, ಒಂದೆರಡು ಮೈಲುಗಲ್ಲು. ರಸ್ತೆಯ ಬದಿ ಯಾರೋ ಮರ ನೆಡಲು ತೋಡಿ ಬಿಟ್ಟ ಗುಂಡಿಯೊಂದಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಬಗ್ಗಿ ಅದರೊಳಗೆ ನೋಡಿದಳು, ಮುಂದೆ ಹೊರಟಳು.

"ಎಷ್ಟ ನಷ್ಟ ಆತು?" ಎಂದು ಕೇಳಿದಳು.

ಮೊತ್ತ ಹೇಳಿದೆ. ಅವಳಿಗೆ ಅದು ಏನೂ ಅನ್ನಿಸಲಿಲ್ಲ. "ಹಂಗ ಹೇಳಿದ್ರ ತಿಳಿಯಂಗಿಲ್ಲ. ಅದರಾಗ ಬಸ್ ಎಷ್ಟ ಬರ್ತಾವು?"

ನಡೆಯುತ್ತ ಲೆಕ್ಕ ಹಾಕಿದೆ. "ಒಂದು ಎಪ್ಪತ್ತು ಬರಬಹುದು."

ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. "ಎಪ್ಪತ್ತ ಬಸ್ಸು," ಎಂದಳು. ಮೊದಲು ನಗು ಬಂತು, ಆಮೇಲೆ ಮುಖ ಬಿಳಿಚಿಕೊಂಡಿತು. "ನಾ ಎದ್ದು ನಿಂದ್ರೂದಕ್ಕ ಎಪ್ಪತ್ತ ಬಸ್ಸು. ನಂಗೇನೂ ಕಾರಣ ಇದ್ದಿಲ್ಲಕ್ಕಾ. ಖರೇನ ಇದ್ದಿಲ್ಲ."

"ಗೊತ್ತು."

"ಒಂದ ಸುಳ್ಳ ಹೇಳಿದ್ರ ಸೋವಿ ಆಕ್ಕಿತ್ತೇನು? ತಂಗಿ ಸತ್ತಾಳ ಅಂತನೋ, ಏನರೆ?"

"ಇಲ್ಲ. ಅಷ್ಟೇ ಆಗುತ್ತಿತ್ತು."

"ಹಂಗಾರ ಬಿಡ್ರಿ," ಎಂದಳು, ಮತ್ತೆ ನಡೆಯತೊಡಗಿದಳು. ಅವಳ ಹೆಗಲು ಸ್ವಲ್ಪ ಇಳಿದಿತ್ತು.

ಹಿಂದಿನಿಂದ ಬಸ್ಸೊಂದು ಬಂತು. ಫಕೀರವ್ವ ಕೈ ಮಾಡಿದಳು. ಅದು ಎಲ್ಲಿಗೆ ಹೋಗುತ್ತದೆಂದು ಅವಳು ಬೋರ್ಡು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಚಿಲ್ಲರೆಯನ್ನೆಲ್ಲ ಅವಳ ಮುಷ್ಟಿಯಲ್ಲಿ ಇಟ್ಟೆ, ಬೇಡವೆನ್ನಲಿಲ್ಲ.

"ಬರ್ರಿ ಅಂತ ಕರೀಯಂಗಿಲ್ಲ ನಾ," ಎಂದಳು ಮೆಟ್ಟಿಲು ಹತ್ತುತ್ತ. "ನಿಮಗ ಆ ರೇಗೊ ತಮ್ಮನ ಜೋಡಿ ನಿಂದ್ರೂದೈತಿ."

ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಕಂಡಕ್ಟರು ಮುಂದಿನ ಸೀಟಿನ ಧೂಳು ಒರೆಸುತ್ತ "ಕೂಡಬೇ ಯವ್ವಾ, ಇಲ್ಲಿ ಕೂಡು" ಎನ್ನುವುದು ನನಗೆ ಕೇಳಿಸಿತು.

"ಬ್ಯಾಡಪ್ಪ," ಎಂದಳು ಫಕೀರವ್ವ. "ನಿಂತಿರ್ತೇನಿ."

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವಳು ಮೇಲಿನ ಸರಳು ಹಿಡಿದು, ಖಾಲಿ ಸೀಟುಗಳ ನಡುವೆ, ರಸ್ತೆ ತಿರುಗುವ ತನಕ ನಿಂತೇ ಇದ್ದಳು.